ನಾಲ್ಕು ಡಿಗ್ರಿಯ ಸುಳ್ಳು

ಚೆಂಡುಹೂವಿನ ಒಂದೇ ಒಂದು ಎಸಳು. ಒಣಗಿ ಕಂದುಬಣ್ಣಕ್ಕೆ ತಿರುಗಿತ್ತು. ಜಗದಾಂಬಾ ಮೇಡಂ ಅದನ್ನು ಚಿಮಟದಿಂದ ಹಿಡಿದು ಬಿಳಿ ಕಾಗದದ ಮೇಲೆ ಇಟ್ಟರು.

“ಎಲ್ಲಿ ಸಿಕ್ತು ಅಂತ ಬರ್ಕೊಳ್ಳಿ ಮುನಿರಾಜು ಅವರೇ. ಫ್ರಿಡ್ಜ್ ಬಾಗಿಲಿನ ರಬ್ಬರ್ ಪಟ್ಟಿ ಇದೆಯಲ್ಲ, ಅದರ ಸಂದೀಲಿ. ಒಳಮಗ್ಗುಲಲ್ಲಿ.”

ಬರೆದುಕೊಂಡೆ. ಮೂವತ್ತನಾಲ್ಕು ವರ್ಷ ಪೊಲೀಸ್ ಇಲಾಖೆಯಲ್ಲಿ ಮಹಜರು ಬರೆದು ಎ.ಎಸ್.ಐ. ಆಗಿ ನಿವೃತ್ತನಾದವನು ನಾನು. ಮೇಡಂ ಸರ್ಕಾರಿ ಪ್ರಯೋಗಾಲಯದಲ್ಲಿ ಹೆಚ್ಚುಕಡಿಮೆ ಅಷ್ಟೇ ವರ್ಷ ರಕ್ತ, ಕಫ, ರೋಗಾಣು ನೋಡಿಕೊಂಡಿದ್ದು ನಿವೃತ್ತರಾದವರು. ನನ್ನ ಸ್ಕೂಟರು, ಅವರ ತಲೆ. ನಮ್ಮ ಪತ್ತೇದಾರಿಕೆಗೆ ಇಷ್ಟೇ ಬಂಡವಾಳ.

ಬಸವೇಶ್ವರನಗರದಲ್ಲಿ ಡಾಕ್ಟರ್ ಚನ್ನವೀರೇಶರ ನರ್ಸಿಂಗ್ ಹೋಮಿನ ಲಸಿಕೆ ಕೋಣೆ ಅದು. ಇಲ್ಲಿ ಮೂರು ಡೋಸನ್ನೂ ಹಾಕಿಸಿಕೊಂಡಿದ್ದ ಲಾಸ್ಯ ಎಂಬ ಹತ್ತು ತಿಂಗಳ ಮಗು ಹದಿನೈದು ದಿನದ ಕೆಳಗೆ ಗಂಟಲಮಾರಿ ಬಂದು ಸತ್ತಿತ್ತು. ಲಸಿಕೆ ಹೊರಗೆ ಮಾರಿಕೊಂಡು ಮಗುವಿಗೆ ಬರೀ ನೀರು ಚುಚ್ಚಿದಳೆಂಬ ಆರೋಪ ಹೊತ್ತು ನರ್ಸ್ ಕುಸುಮಾ ಬೆಳಗ್ಗೆಯಿಂದ ಠಾಣೆಯ ಬೆಂಚಿನ ಮೇಲೆ ಕೂತಿದ್ದಳು. ನಾಲ್ಕು ಗಂಟೆಗೆ ಅವಳನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸುತ್ತಾರೆ. ಆಮೇಲೆ ಜೈಲು. ಈಗ ಗಂಟೆ ಎರಡು.

ಇಪ್ಪತ್ತಾರು ವರ್ಷದ ಹುಡುಗಿ. ಸುಂಕದಕಟ್ಟೆಯಲ್ಲಿ ಒಂದು ಕೋಣೆಯ ಬಾಡಿಗೆ ಮನೆ, ಎರಡು ಜೊತೆ ಬಿಳಿ ಸಮವಸ್ತ್ರ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ನಾನು ಇಲಾಖೆಯಲ್ಲಿದ್ದಾಗ ಬೇಕಾದಷ್ಟು ನೋಡಿದ್ದೇನೆ. ಕೆಲವು ಸಲ ಬರೆ ಹಾಕುವ ಕೈ ನನ್ನದೇ ಆಗಿತ್ತು. ಅದಕ್ಕೇ ಇರಬೇಕು, ಈ ಕೇಸಿನಲ್ಲಿ ನನಗೆ ಮೊದಲ ದಿನದಿಂದ ಮೈ ಉರಿಯುತ್ತಿತ್ತು.

“ಮೇಡಂ, ಫ್ರಿಡ್ಜಿಗೆ ಹೂ ಮುಡಿಸೋದು ಅಪರಾಧ ಅಲ್ಲ,” ಎಂದ ಇನ್ಸ್‌ಪೆಕ್ಟರ್ ಸುಬ್ರಮಣಿ. ಸೀಲು ಒಡೆದು ಬಾಗಿಲು ತೆರೆಸಿದವನು ಅವನೇ. ಟ್ರೈನಿಂಗ್ ಮುಗಿಸಿ ಮೊದಲ ಸಲ ಠಾಣೆಗೆ ಬಂದಾಗ ಮಹಜರು ಬರೆಯುವುದನ್ನು ನನ್ನ ಪಕ್ಕ ಕೂತು ಕಲಿತವನು. ಆ ಋಣಕ್ಕೆ ನಮಗೆ ಎರಡು ಗಂಟೆ ಕೊಟ್ಟಿದ್ದ. “ಆಯುಧಪೂಜೆಗೆ ನಾವೂ ಜೀಪಿಗೆ, ಲಾಠಿಗೆ ಎಲ್ಲ ಹಾಕ್ತೀವಿ.”

“ನಾನೂ ಮೈಕ್ರೋಸ್ಕೋಪಿಗೆ ಹಾಕ್ತಿದ್ದೆ,” ಎಂದರು ಮೇಡಂ. “ಹಾರ ಹೊರಗಡೆ ಇರುತ್ತೆ ಸುಬ್ರಮಣಿ. ಎಸಳು ಒಳಗಡೆ ಬಂದಿದೆ ಅಂದ್ರೆ ಬಾಗಿಲು ಪೂರ್ತಿ ತೆಗೆದಿಟ್ಟು ತೊಳೆದಿದಾರೆ. ತೊಳೆಯೋಕೆ ಪ್ಲಗ್ ಕಿತ್ತಿರ್ಬೇಕು. ಪ್ಲಗ್ ಕಿತ್ತ ಮೇಲೆ ಒಳಗಡೆ ಇದ್ದ ಲಸಿಕೆ ಎಲ್ಲಿ ಹೋಯ್ತು?”

ಫ್ರಿಡ್ಜಿನ ನೆತ್ತಿಯ ಮೇಲೆ ವಿಭೂತಿಯ ಮೂರು ಗೆರೆ, ನಡುವೆ ಕುಂಕುಮ, ಹತ್ತು ತಿಂಗಳಾದರೂ ಮಾಸಿರಲಿಲ್ಲ. ಪಕ್ಕದ ಮೊಳೆಗೆ ದಾರ ಕಟ್ಟಿ ಒಂದು ಪುಸ್ತಕ ನೇತುಹಾಕಿದ್ದರು. ದಿನಕ್ಕೆ ಎರಡು ಸಲ ಒಳಗಿನ ಥರ್ಮಾಮೀಟರ್ ನೋಡಿ ಬರೆದು ಸಹಿ ಮಾಡುವ ಪುಸ್ತಕ. ಎರಡು ಡಿಗ್ರಿಗಿಂತ ಕೆಳಗೆ ಇಳಿಯಬಾರದು, ಎಂಟಕ್ಕಿಂತ ಮೇಲೆ ಏರಬಾರದು. ನಾನು ಕಳೆದ ಅಕ್ಟೋಬರ್ ತೆಗೆದೆ. ಆಯುಧಪೂಜೆಯ ದಿನ ಬೆಳಗ್ಗೆ ನಾಲ್ಕು ಡಿಗ್ರಿ, ಸಂಜೆ ನಾಲ್ಕು ಡಿಗ್ರಿ. ಎರಡಕ್ಕೂ ಸಹಿ ಇಲ್ಲ.

“ಪ್ಲಗ್ ಕಿತ್ತು ತೊಳೆದ ಫ್ರಿಡ್ಜು ನಾಲ್ಕು ಡಿಗ್ರಿ ತೋರಿಸೋದಾದ್ರೆ ನಮ್ಮನೆ ಬಟ್ಟೆ ಬೀರೂನೂ ತೋರಿಸ್ಬೇಕು,” ಎಂದರು ಮೇಡಂ. ಫ್ರಿಡ್ಜಿನ ಹಿಂದಿನ ಮೂಲೆಯಲ್ಲಿ ಆ ಅಕ್ಟೋಬರಿನ ದಾಸ್ತಾನಿನದೇ ಎರಡು ಸೀಸೆ ಉಳಿದಿದ್ದವು. ಒಂದನ್ನು ಸುಬ್ರಮಣಿಯ ಎದುರಿಗೇ ಎತ್ತಿಕೊಂಡು ತಮ್ಮ ಥರ್ಮಾಸಿನಲ್ಲಿ ಇಟ್ಟರು.

ಹೊರಗೆ ಬಂದರೆ ಕಾರಿಡಾರಿನಲ್ಲಿ ಬೋರಮ್ಮ ನೆಲ ಒರೆಸುತ್ತಿದ್ದಳು.

ಬ್ಯಾಡರಹಳ್ಳಿಯವಳು. ಹದಿನೆಂಟು ವರ್ಷದ ಹಿಂದೆ ಈ ಆಸ್ಪತ್ರೆ ಶುರುವಾದಂದಿನಿಂದ ಇಲ್ಲಿ ಆಯಾ. ಸತ್ತ ಮಗು ಲಾಸ್ಯ ಅವಳ ಮಗಳ ಮಗಳು. ಕುಸುಮಾಳ ಮೇಲೆ ದೂರು ಕೊಟ್ಟವಳೂ ಇವಳೇ. ದೂರಿನ ಕೊನೆಯಲ್ಲಿ ಅವಳ ಹೆಬ್ಬೆಟ್ಟಿನ ಗುರುತನ್ನು ನಾನೇ ನೋಡಿದ್ದೆ. ಗಿಳಿಹಸಿರು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ನಮ್ಮನ್ನು ನೋಡಿ ಎದ್ದು ನಿಂತಳು.

“ರಜ ತಗೊಳ್ಳೋದಲ್ವಾ ಬೋರಮ್ಮ?” ಎಂದೆ.

“ಮನೇಲಿ ಕುಂತ್ರೆ ತೊಟ್ಲು ಕಾಣ್ತದೆ ಮುನಿರಾಜಣ್ಣ. ಇಲ್ಲಾದ್ರೆ ನೆಲ ಕಾಣ್ತದೆ.”

ಮೇಡಂ ಅವಳ ಹತ್ತಿರ ಹೋದರು. “ಬೋರಮ್ಮ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಮಗೂಗೆ ಇಂಜೆಕ್ಷನ್ ಚುಚ್ಚಿದ ಜಾಗ ಆಮೇಲೆ ಹೇಗಿತ್ತು?”

“ತೊಡೇಲಿ ಗಂಟು ಕಟ್ಕೊಂಡಿತ್ತು ಅಮ್ಮಾವ್ರೇ. ಅಡ್ಕೆಯಷ್ಟು. ಮೂರು ಸಲಾನೂವೆ. ತಿಂಗ್ಳಾದ್ರೂ ಕರಗ್ಲಿಲ್ಲ. ನಾನೇ ದಿನಾ ಬಟ್ಟೆ ಬಿಸಿ ಮಾಡಿ ಕಾವು ಕೊಡ್ತಿದ್ದೆ. ಆ ಕುಸುಮಾ, ಅವಳ ಬಾಯಿಗೆ ಮಣ್ಣಾಕ, ಏನೂ ಆಗಲ್ಲ ಬಿಡಜ್ಜಿ ಅಂದ್ಳು.”

ಮೇಡಂ ನನ್ನ ಕಡೆ ನೋಡಿದರು. ನಾನು ಬರೆದುಕೊಂಡೆ.

“ನನ್ ಕೈಯಾರೆ ಎತ್ಕೊಂಡು ಬಂದು ಚುಚ್ಚಿಸ್ದೆ,” ಎಂದಳು ಬೋರಮ್ಮ. “ಮಗಳು ಇಲ್ಲಿ ಬ್ಯಾಡ, ಸರ್ಕಾರಿ ಆಸ್ಪತ್ರೇಗೆ ಹೋಗಾಣ ಅಂದ್ಳು. ನಮ್ಮ ಸಾರ್ ಆಸ್ಪತ್ರೇಲಿ ಚೆನ್ನಾಗಿ ನೋಡ್ಕೋತಾರೆ, ನೀನು ಸುಮ್ಕಿರು ಅಂದೆ. ಅಮ್ಮಾವ್ರೇ, ಯಾರು ಮಾಡಿದ್ದು ಅಂತ ಗೊತ್ತಾದ್ರೆ ಮೊದ್ಲು ನನಗೇ ಹೇಳ್ಬೇಕು. ಪೇಪರಿನೋರ್ಗೆ, ಪೊಲೀಸ್ರಿಗೆ ಆಮೇಲೆ. ಮಾತು ಕೊಡಿ.”

ಮೇಡಂ ಅವಳ ಒದ್ದೆ ಕೈಯನ್ನು ಹಿಡಿದುಕೊಂಡರು. “ಕೊಟ್ಟೆ. ಮೊದಲು ನಿನಗೇ.”

ಇಲಾಖೆಯಲ್ಲಿ ಯಾರೂ ಇಂಥ ಮಾತು ಕೊಡುವುದಿಲ್ಲ. ಯಾಕೆಂದು ಆ ಮಧ್ಯಾಹ್ನವೇ ನನಗೆ ನೆನಪಾಗುವುದಿತ್ತು.

ಡಾಕ್ಟರ್ ಚನ್ನವೀರೇಶರ ಕೋಣೆ ತಣ್ಣಗಿತ್ತು. ಅರವತ್ತರ ಹತ್ತಿರದ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯಲ್ಲಿ ತೆಳುವಾದ ವಿಭೂತಿ. ಗೋಡೆಯ ತುಂಬ ಸನ್ಮಾನದ ಫೋಟೋಗಳು. ನಮ್ಮನ್ನು ಕೂರಲು ಹೇಳಿ, ಸುಬ್ರಮಣಿಯ ಕೈ ಮಾತ್ರ ಕುಲುಕಿದರು.

ಮೇಡಂ ಥರ್ಮಾಸ್ ತೆಗೆದು ಮೂರು ಸಣ್ಣ ಸೀಸೆಗಳನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದರು. ಮೂರರಲ್ಲೂ ಒಂದೇ ಕಂಪನಿಯ, ಒಂದೇ ಬ್ಯಾಚಿನ ಲಸಿಕೆ.

“ಬಿಳಿ ದಾರ ಕಟ್ಟಿರೋದು ಸರಿಯಾಗಿ ಇಟ್ಟಿದ್ದ ಸೀಸೆ, ಔಷಧಿ ಅಂಗಡಿಯಿಂದ ತಂದಿದ್ದು. ಕೆಂಪು ದಾರದ್ದನ್ನ ನಾನೇ ಹಾಳು ಮಾಡಿ ತಂದಿದೀನಿ. ದಾರ ಇಲ್ಲದ್ದು ನಿಮ್ಮ ಫ್ರಿಡ್ಜಿನದು.” ಮೂರನ್ನೂ ಒಟ್ಟಿಗೆ ಮುಷ್ಟಿಯಲ್ಲಿ ಹಿಡಿದು ಜೋರಾಗಿ ಕುಲುಕಿದರು. ಮೂರೂ ಒಂದೇ ಥರ ಮಜ್ಜಿಗೆಯ ನೀರಿನಂತೆ ಬೆಳ್ಳಗಾದವು. ಮತ್ತೆ ಸಾಲಾಗಿ ಇಟ್ಟರು. “ಅರ್ಧ ಗಂಟೆ ಇರ್ಲಿ. ಅಲ್ಲೀವರೆಗೂ ಮಾತಾಡೋಣ.”

“ನನಗೆ ಅರ್ಧ ಗಂಟೆ ಇಲ್ಲ,” ಎಂದರು ಡಾಕ್ಟರು. “ಮಾತಾಡೋಕೇನಿದೆ? ಮಗು ರಕ್ತ ಪರೀಕ್ಷೆ ಆಗಿದೆ. ಲಸಿಕೆ ಹಾಕಿಸ್ಕೊಂಡ ಮೈ ಆ ರೋಗದ ನೆನಪು ಇಟ್ಕೊಂಡಿರುತ್ತೆ, ರಕ್ತದಲ್ಲಿ ಅದರ ಗುರುತು ಇರುತ್ತೆ. ಈ ಮಗು ರಕ್ತದಲ್ಲಿ ಇರ್ಲಿಲ್ಲ. ಅಂದ್ರೆ ಲಸಿಕೆ ಹಾಕಿಲ್ಲ. ನೀವು ಲ್ಯಾಬಲ್ಲಿ ಕೆಲಸ ಮಾಡಿದವ್ರು, ನಿಮಗೆ ನಾನು ಹೇಳ್ಬೇಕಾ?”

“ಒಂದು ಮಗು ಅಲ್ಲ ಡಾಕ್ಟ್ರೇ. ನಾಲ್ಕು ದಿನದಿಂದ ಮನೆಮನೆ ತಿರುಗಿದೀನಿ. ಅದೇ ದಾಸ್ತಾನಿನ ಲಸಿಕೆ ತಗೊಂಡ ಇನ್ನೂ ಐದು ಮಕ್ಕಳ ರಕ್ತ ತೆಗೆದು ನೋಡಿಸ್ದೆ. ಐದರಲ್ಲೂ ಗಂಟಲಮಾರಿ ನೆನಪು ಇಲ್ಲ ಅನ್ನೋವಷ್ಟು ಕಡಿಮೆ.”

“ನೋಡಿ, ನೀವೇ ಹೇಳಿದ್ರಲ್ಲ. ಐದು ಮಕ್ಕಳಿಗೂ ನೀರೇ ಚುಚ್ಚಿದಾಳೆ.” ಅವರು ಸುಬ್ರಮಣಿಯ ಕಡೆ ತಿರುಗಿದರು. “ಇದನ್ನೂ ಎಫ್.ಐ.ಆರ್.ಗೆ ಸೇರಿಸ್ಕೊಳ್ಳಿ ಇನ್ಸ್‌ಪೆಕ್ಟ್ರೇ.”

ಐದು ಮಕ್ಕಳು ಅಪಾಯದಲ್ಲಿವೆ ಎಂದು ಕೇಳಿದ ಮಕ್ಕಳ ಡಾಕ್ಟರು ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇತ್ತು. ಆ ಮಕ್ಕಳು ಹೇಗಿದ್ದಾರೆ ಎಂದು ಈ ಮನುಷ್ಯ ಕೇಳಲಿಲ್ಲ.

“ನೀರು ಚುಚ್ಚಿದ್ರೆ ಮೈ ಎರಡು ದಿನದಲ್ಲಿ ಹೀರ್ಕೊಂಡು ಬಿಡುತ್ತೆ,” ಎಂದರು ಮೇಡಂ. “ಆ ಐದೂ ತಾಯಂದಿರು ಬೋರಮ್ಮ ಹೇಳಿದ್ದನ್ನೇ ಹೇಳಿದ್ರು. ತೊಡೇಲಿ ಗಂಟು, ತಿಂಗಳುಗಟ್ಟಲೆ. ನೀರಿಗೆ ಗಂಟು ಕಟ್ಟಲ್ಲ.”

ಸುಬ್ರಮಣಿ ಮುಂದಕ್ಕೆ ಬಾಗಿದ. “ಮೇಡಂ, ನನಗೆ ಅರ್ಥ ಆಗೋ ಹಾಗೆ ಹೇಳಿ.”

“ಈ ಲಸಿಕೆಯಲ್ಲಿ ರೋಗಾಣು ಬಿಡೋ ವಿಷವನ್ನ ಹಲ್ಲು ಕಿತ್ತ ಹಾವಿನ ಥರ ಮಾಡಿ, ಪಟಿಕದ ಜಾತಿಯ ಒಂದು ಉಪ್ಪಿನ ಕಣಕ್ಕೆ ಅಂಟಿಸಿರ್ತಾರೆ. ಆ ಉಪ್ಪು ಮೈಗೆ ಚುಚ್ಚಿದ ತಕ್ಷಣ ರಕ್ತದಲ್ಲಿರೋ ಕಾವಲು ಕಣಗಳು ಏನೋ ನುಗ್ಗಿದೆ ಅಂತ ಓಡಿ ಬಂದು ಸುತ್ತುವರೀತವೆ. ಗಂಟು ಅಂದ್ರೆ ಅದೇ, ಕಾವಲಿನವರ ಗುಂಪು. ಬಂದವು ಅಲ್ಲಿರೋ ವಿಷದ ಮುಖಾನ ಚೆನ್ನಾಗಿ ನೋಡ್ಕೊಂಡು ಹೋಗಿ ಉಳಿದವಕ್ಕೆ ಹೇಳ್ತವೆ. ಮುಂದೆ ನಿಜವಾದ ರೋಗ ಬಂದಾಗ ಗುರುತು ಹಿಡಿದು ಹೊಡೀತವೆ.”

“ರೌಡಿ ಶೀಟರ್ ಫೋಟೋನ ಬೀಟ್ ಕಾನ್‌ಸ್ಟೇಬಲ್‌ಗಳಿಗೆ ತೋರಿಸ್ತೀವಲ್ಲ, ಹಾಗೆ,” ಎಂದೆ ನಾನು.

“ಹಾಗೇ. ಈ ಮಕ್ಕಳ ಮೈಯಲ್ಲಿ ಕಾವಲಿನವರು ಬಂದಿದಾರೆ, ಗುಂಪು ಕಟ್ಟಿದಾರೆ. ಆದ್ರೆ ಅವರ ಕೈಗೆ ಸಿಕ್ಕಿದ್ದು ಮುಖ ಅಳಿಸಿ ಹೋದ ಫೋಟೋ. ಚುಚ್ಚಿದ್ದು ನೀರಲ್ಲ ಸುಬ್ರಮಣಿ. ಲಸಿಕೇನೇ. ಕೆಟ್ಟುಹೋದ ಲಸಿಕೆ. ಕುಸುಮಾ ಏನನ್ನೂ ಮಾರ್ಕೊಂಡಿಲ್ಲ.”

ಡಾಕ್ಟರು ಪೆನ್ನಿನ ಮುಚ್ಚಳ ತೆಗೆದು ಹಾಕಿದರು, ತೆಗೆದು ಹಾಕಿದರು. “ಕೆಟ್ಟಿದ್ರೆ ಕರೆಂಟ್ ಹೋಗಿ ಬಿಸಿಗೆ ಕೆಟ್ಟಿರ್ಬೇಕು. ಫ್ರಿಡ್ಜ್ ಜವಾಬ್ದಾರಿ ಯಾರದು? ಅವಳದೇ. ಮಾರ್ಕೊಂಡ್ರೂ ಅವಳೇ, ಕೆಡಿಸಿದ್ರೂ ಅವಳೇ.”

“ಅದೇ ಟ್ರೇನಲ್ಲಿ ದಡಾರದ ಲಸಿಕೇನೂ ಇತ್ತಲ್ಲ ಡಾಕ್ಟ್ರೇ. ಹಬ್ಬ ಆದ ಮುಂದಿನ ತಿಂಗಳು ಮೂರು ಮಕ್ಕಳು ಅದನ್ನ ಹಾಕಿಸ್ಕೊಂಡಿದಾವೆ. ಅವರ ರಕ್ತಾನೂ ನೋಡಿಸ್ದೆ. ಮೂವರಲ್ಲೂ ದಡಾರದ ನೆನಪು ಗಟ್ಟಿಯಾಗಿದೆ.” ಮೇಡಂ ಕುರ್ಚಿಯನ್ನು ಮೇಜಿಗೆ ಹತ್ತಿರ ಎಳೆದುಕೊಂಡರು. “ಬಿಸಿ ತಗುಲಿದ್ರೆ ಮೊದಲು ಸಾಯೋದು ದಡಾರದ ಲಸಿಕೆ. ಅದು ಬದುಕಿದೆ. ಇದು ಸತ್ತಿದೆ. ಹಬ್ಬದ ದಿನ ನೀವು ಫ್ರಿಡ್ಜ್ ಖಾಲಿ ಮಾಡಿಸಿ ತೊಳೆಸಿದ್ರಿ. ಆ ಟ್ರೇ ಆವತ್ತು ಎಲ್ಲಿತ್ತು?”

“ಫ್ರೀಜರಲ್ಲಿ ಯಾರು ಏನು ಇಟ್ರೋ ನನಗೇನು ಗೊತ್ತು?”

ನಾನು ಆ ಮಾತನ್ನು ಹಾಗೇ ಬರೆದುಕೊಂಡೆ.

“ಫ್ರೀಜರ್ ಅಂತ ಯಾರಂದ್ರು ಸಾರ್?” ಎಂದೆ ನಾನು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ನಾನು ಠಾಣೆಯಲ್ಲಿ ಎಷ್ಟೋ ಕಂಡಿದ್ದೇನೆ. ಇಷ್ಟು ಬೇಗ ಮುಟ್ಟಿ ನೋಡಿಕೊಂಡವರನ್ನು ಕಂಡಿರಲಿಲ್ಲ.

“ಸಾಮಾನ್ಯವಾಗಿ ಹೇಳಿದೆ.”

“ಸಾಮಾನ್ಯವಾಗಿ ಸರಿಯಾಗೇ ಹೇಳಿದ್ರಿ,” ಎಂದರು ಮೇಡಂ. ಅವರಿಗೆ ಸಿಟ್ಟು ಬಂದಾಗ ಮಾತ್ರ ಹುಟ್ಟೂರು ದಾವಣಗೆರೆ ಮಾತಿನಲ್ಲಿ ಹೊರಗೆ ಬರುತ್ತದೆ. ಈಗ ಬಂತು. “ನಿಮ್ಮ ಸೀಸೆ ನೋಡ್ರಿ ಡಾಕ್ಟ್ರೇ. ನೋಡ್ರಿ ಇಲ್ಲಿ.”

ಅರ್ಧ ಗಂಟೆ ಮುಗಿದಿತ್ತು, ಮೂವರೂ ಮೇಜಿಗೆ ಬಾಗಿದೆವು. ಬಿಳಿ ದಾರದ ಸೀಸೆ ಕುಲುಕಿದಾಗ ಹೇಗಿತ್ತೋ ಹಾಗೇ ಮಬ್ಬಾಗಿತ್ತು. ಕೆಂಪು ದಾರದ್ದರಲ್ಲಿ ಬಿಳಿ ತುಣುಕುಗಳೆಲ್ಲ ತಳಕ್ಕೆ ಕೂತು ಮೇಲೆ ತಿಳಿನೀರು ನಿಂತಿತ್ತು. ದಾರ ಇಲ್ಲದ್ದರಲ್ಲೂ ಅಷ್ಟೇ ತುಣುಕು, ಅಷ್ಟೇ ತಿಳಿನೀರು. ಅವೆರಡನ್ನೂ ಅದಲುಬದಲು ಮಾಡಿಟ್ಟರೆ ಗುರುತು ಸಿಗುತ್ತಿರಲಿಲ್ಲ.

“ಕೆಂಪು ದಾರದ್ದನ್ನ ನಮ್ಮನೆ ಫ್ರೀಜರಲ್ಲಿ ಕಲ್ಲು ಮಾಡಿ ಆಮೇಲೆ ಕರಗಿಸಿದೀನಿ. ಈ ಲಸಿಕೆ ತಂಪಿರಬೇಕು, ಹೆಪ್ಪುಗಟ್ಟಬಾರದು. ಗಟ್ಟಿದ್ರೆ ಉಪ್ಪು ಒಂದಕ್ಕೊಂದು ಅಂಟಿ ತುಣುಕಾಗುತ್ತೆ, ವಿ‌ಷದ ರೂಪ ಕೆಡುತ್ತೆ. ಮತ್ತೆ ಯಾವ ಫ್ರಿಡ್ಜಲ್ಲಿ ಇಟ್ರೂ ಸರಿಹೋಗಲ್ಲ. ದಡಾರದ ಪುಡಿಗೆ ಆ ತೊಂದರೆ ಇಲ್ಲ. ಹಬ್ಬದ ದಿನ ಈ ಕಟ್ಟಡದಲ್ಲಿ ಎಲ್ಲ ಮಿಷಿನ್ನೂ ಆಫ್. ಆನ್ ಇದ್ದದ್ದು ಕೆಳಗಡೆ ಕ್ಯಾಂಟೀನಿನ ಐಸ್‌ಕ್ರೀಮ್ ಫ್ರೀಜರ್ ಒಂದೇ. ಟ್ರೇ ಹಗಲು ರಾತ್ರಿ ಅಲ್ಲೇ ಇದ್ದಿರ್ಬೇಕು. ಮಾರನೇ ದಿನ ಏನೂ ಆಗಿಲ್ಲ ಅನ್ನೋ ಹಾಗೆ ವಾಪಸ್ ಬಂತು. ಪುಸ್ತಕದಲ್ಲಿ ನಾಲ್ಕು ಡಿಗ್ರಿ ಅಂತ ಬರೆದಾಯ್ತು.”

“ಬರೆದವಳು ಕುಸುಮಾ.”

“ಕುಸುಮಾ ಆ ಮೂರು ದಿನ ರಜ. ರಜದ ಅರ್ಜಿ ಮೇಲೆ ಇರೋ ಸಹಿ ನಿಮ್ಮದು.”

ಕುಸುಮಾ ಹಿಂದಿನ ದಿನ ತನ್ನ ಮನೆಯಲ್ಲಿ ನಮಗೆ ಹೇಳಿದ್ದು ಇಷ್ಟೇ. ರಜ ಮುಗಿಸಿ ಬಂದಾಗ ಸೀಸೆಯೊಳಗೆ ಹಾಲು ಒಡೆದ ಹಾಗೆ ಕಂಡಿತು. ಡಾಕ್ಟರಿಗೆ ತೋರಿಸಿದಳು. ‘ಕುಲುಕಿ ಹಾಕು, ಏನೂ ಆಗಲ್ಲ’ ಎಂದರು. ಡಾಕ್ಟರು ಹೇಳಿದ ಮೇಲೆ ನರ್ಸು ಏನು ಮಾತಾಡುವುದು ಎಂದು ಸುಮ್ಮನಾದಳು. ಅವಳು ಮಾಡಿದ ತಪ್ಪು ಅದೊಂದೇ, ಅದಕ್ಕಾಗಿ ಅವಳು ನಮ್ಮೆದುರು ಅತ್ತದ್ದೂ ನಿಜ. ಅದನ್ನು ಈಗ ಮೇಡಂ ಡಾಕ್ಟರಿಗೆ ಅಕ್ಷರ ಬಿಡದೆ ಹೇಳಿದರು.

“ಜೈಲಿಗೆ ಹೋಗೋಳು ಏನು ಬೇಕಾದ್ರೂ ಹೇಳ್ತಾಳೆ,” ಎಂದರು ಚನ್ನವೀರೇಶ್. “ನನಗೆ ಯಾರೂ ಏನೂ ತೋರಿಸಿಲ್ಲ. ಗೊತ್ತಿದ್ರೆ ನಾನು ಆ ಲಸಿಕೆ ಬಳಸೋಕೆ ಬಿಡ್ತಿದ್ನಾ? ನನಗೂ ಮೊಮ್ಮಗಳಿದಾಳೆ ಮೇಡಂ.”

“ಇದಾಳೆ. ಶಿವಾನಿ. ಮುದ್ದಾದ ಮಗು.” ಮೇಡಂ ಕೈಚೀಲದಿಂದ ಒಂದು ಕಾಗದ ತೆಗೆದರು. “ಮನೆಮನೆ ತಿರುಗಿದೆ ಅಂದ್ನಲ್ಲ, ನಿಮ್ಮ ಮನೆಗೂ ಹೋಗಿದ್ದೆ. ನಿಮ್ಮ ಸೊಸೆ ಕಾಫಿ ಕೊಟ್ಟು ಮಗು ಲಸಿಕೆ ಕಾರ್ಡ್ ತೋರಿಸಿದ್ಲು. ಮೊದಲನೇ ಡೋಸ್ ಸೆಪ್ಟೆಂಬರಲ್ಲಿ, ಇಲ್ಲೇ, ಅಜ್ಜನ ಆಸ್ಪತ್ರೇಲಿ. ಎರಡನೇದು ಹಬ್ಬ ಆದ ಮೇಲೆ. ಅದು ವಿಜಯನಗರದ ಬೇರೆ ಆಸ್ಪತ್ರೇಲಿ. ಮೂರನೇದೂ ಅಲ್ಲೇ. ಸ್ವಂತ ಆಸ್ಪತ್ರೆ ಬಿಟ್ಟು ಅಷ್ಟು ದೂರ ಯಾಕಮ್ಮ ಅಂತ ಕೇಳಿದೆ. ‘ಮಾವನೇ ಹೇಳಿದ್ರು ಆಂಟಿ, ನಮ್ಮಲ್ಲಿ ಬೇಡ, ಅಲ್ಲಿ ಹಾಕ್ಸು ಅಂತ’ ಅಂದ್ಲು. ಅವಳಿಗೆ ಏನೂ ಗೊತ್ತಿಲ್ಲ, ಪಾಪ.”

ಸುಬ್ರಮಣಿ ಟೋಪಿಯನ್ನು ಮೇಜಿನಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ. ಅವನ ಮುಖ ಕೆಂಪಾಗಿತ್ತು. ಅವನಿಗೂ ಮನೆಯಲ್ಲಿ ಚಿಕ್ಕ ಮಗುವಿದೆ.

“ನಿಮ್ಮ ಮೊಮ್ಮಗಳಿಗೆ ಬೇಡವಾದದ್ದು ಆಯಾಳ ಮೊಮ್ಮಗಳಿಗೆ ಆಗುತ್ತೇನ್ರಿ?” ಎಂದರು ಮೇಡಂ. ಅವರ ಧ್ವನಿ ಏರಲಿಲ್ಲ. “ಬೋರಮ್ಮ ನಿಮ್ಮನ್ನ ನಂಬಿ ಮೂರು ಸಲ ಎತ್ಕೊಂಡು ಬಂದ್ಲು. ಮೂರು ಸಲಾನೂ ಬೇಡ ಅನ್ನೋಕೆ ನಿಮಗೆ ಬಾಯಿ ಬರ್ಲಿಲ್ಲ. ಎಲ್ಲ ಸೀಸೆ ಚೆಲ್ಲಿ ಹೊಸದು ತರಿಸಿದ್ರೆ ಮುಗೀತಿತ್ತು. ತಪ್ಪು ಒಪ್ಕೊಂಡ್ರೆ ಹೆಸರು ಹೋಗುತ್ತೆ ಅಂತ ಸುಮ್ಮನಾದ್ರಿ. ನಿಮ್ಮ ರಿಜಿಸ್ಟರಿನಲ್ಲಿ ಆ ದಾಸ್ತಾನಿನ ಲಸಿಕೆ ತಗೊಂಡ ನಲವತ್ತಮೂರು ಮಕ್ಕಳ ಹೆಸರಿದೆ. ಲಾಸ್ಯ ಹೋದ್ಲು. ಉಳಿದ ನಲವತ್ತೆರಡು ಮಕ್ಕಳ ತಾಯಂದಿರು ನಮ್ಮ ಮಗೂಗೆ ಕಾವಲಿದೆ ಅಂದ್ಕೊಂಡು ಈಗಲೂ ನೆಮ್ಮದಿಯಾಗಿ ಮಲಗ್ತಿದಾರೆ. ಹದಿನೈದು ದಿನದಲ್ಲಿ ಒಬ್ಬರಿಗಾದ್ರೂ ಫೋನ್ ಮಾಡಿ ಇನ್ನೊಂದು ಸಲ ಲಸಿಕೆ ಹಾಕಿಸ್ಕೊಳ್ಳಿ ಅಂದ್ರಾ?”

ಚನ್ನವೀರೇಶ್ ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡಾಗ ಆ ಮುಖದಲ್ಲಿ ನಾನು ನಿರೀಕ್ಷಿಸಿದ ಹೆದರಿಕೆ ಇರಲಿಲ್ಲ. ಸಾಕ್ಷಿಗೆ ಮುಂಚೆಯೇ ದುಡ್ಡು ಮುಟ್ಟಿಸಿ ಕೋರ್ಟಿಗೆ ಬಂದವರ ಮುಖ ಹೀಗಿರುತ್ತದೆ.

“ಇನ್ಸ್‌ಪೆಕ್ಟ್ರೇ, ಒಂದು ಪ್ರಶ್ನೆ. ಲಸಿಕೆ ಕೆಟ್ಟಿದ್ದು ಫ್ರೀಜರಲ್ಲಿ ಇಟ್ಟಿದ್ರಿಂದ ಅಂತ ನೀವು ಬರೆದ್ರೆ, ಇಟ್ಟವರು ಯಾರು ಅಂತಾನೂ ಬರೀಬೇಕಲ್ವಾ?”

“ಬರೀಲೇಬೇಕು,” ಎಂದ ಸುಬ್ರಮಣಿ. “ಮೊದಲನೇ ಸಾಲಲ್ಲೇ ಬರುತ್ತೆ.”

“ಫ್ರಿಡ್ಜ್ ತೊಳೀರಿ ಅಂತ ನಾನು ಹೇಳಿದ್ದು ಹೌದು. ಫ್ರೀಜರಲ್ಲಿ ಇಡಿ ಅಂತ ಹೇಳಿಲ್ಲ.” ಅವರು ಮೊಬೈಲು ತೆಗೆದು, ಬೆರಳಿನಿಂದ ಹಿಂದಕ್ಕೆ ಹಿಂದಕ್ಕೆ ತಳ್ಳಿ, ಒಂದು ಚಿತ್ರ ಸಿಕ್ಕಿದ ಮೇಲೆ ಮೇಡಂ ಮುಂದೆ ಇಟ್ಟರು. “ಹಬ್ಬದ ದಿನ ಯಾರೋ ಆಸ್ಪತ್ರೆ ಗ್ರೂಪಿಗೆ ಹಾಕಿದ ಫೋಟೋ. ನೋಡಿ.”

ಕೆಳಗಿನ ಕ್ಯಾಂಟೀನು. ಬಾಗಿಲಿಗೆ ಬಾಳೆಕಂದು, ಮಾವಿನ ತೋರಣ. ಐಸ್‌ಕ್ರೀಮ್ ಫ್ರೀಜರಿನ ಮುಚ್ಚಳ ತೆರೆದಿದೆ. ಲಸಿಕೆಯ ಸ್ಟೀಲ್ ಟ್ರೇಯನ್ನು ಎರಡೂ ಕೈಯಲ್ಲಿ ಜೋಪಾನವಾಗಿ ಹಿಡಿದು ಒಳಗಿಡುತ್ತಾ, ಕ್ಯಾಮೆರಾ ಕಡೆ ತಿರುಗಿ ನಗುತ್ತಿರುವ ಹೆಂಗಸು. ಹೊಸ ಸೀರೆ. ಗಿಳಿಹಸಿರು.

ನಾನು ಬಾಗಿಲ ಕಡೆ ನೋಡಿದೆ.

“ನಾನು ಕೇಳಿದೆ, ಯಾಕೆ ಅಲ್ಲಿಟ್ಟೆ ಅಂತ,” ಎಂದರು ಡಾಕ್ಟರು ಮೆಲ್ಲಗೆ. “‘ಮಕ್ಕಳ ಔಷ್ಧಿ ಅಲ್ವಾ ಸಾರ್, ಕೆಡಬಾರದು ಅಂತ ಇನ್ನೂ ಥಂಡಿ ಇರೋ ಕಡೆ ಇಟ್ಟೆ’ ಅಂದ್ಲು. ಅದರಿಂದ ಏನಾಯ್ತು ಅಂತ ಅವಳಿಗೆ ಇವತ್ತಿಗೂ ಗೊತ್ತಿಲ್ಲ. ನಾನು ಹೇಳಿಲ್ಲ. ಹೇಳೋ ಮನಸ್ಸು ನನಗೆ ಬರ್ಲಿಲ್ಲ. ನಿಮಗೆ ಬರುತ್ತಾ?”

ಡಾಕ್ಟರು ಸುಬ್ರಮಣಿಯ ಕಡೆ ತಿರುಗಿದರು.

“ಬಿಸಿಗೆ ಕೆಟ್ಟಿತು ಅಂತ ಬರ್ಕೊಳ್ಳಿ. ಕುಸುಮಾ ನಿರ್ಲಕ್ಷ್ಯ ಅಂತ ಒಂದು ಸಣ್ಣ ಕೇಸು. ಚಿಕ್ಕ ಹುಡುಗಿ, ವರ್ಷ ಎರಡು ವರ್ಷದಲ್ಲಿ ಹೊರಗೆ ಬರ್ತಾಳೆ. ಮುದುಕಿ ನೆಮ್ಮದಿಯಾಗಿ ಬದುಕ್ಲಿ. ಇಲ್ಲ, ಕುಸುಮಾನ ಬಿಡಿಸ್ಲೇಬೇಕು ಅಂತಿದ್ರೆ ಈ ಫೋಟೋನ ಕೋರ್ಟಲ್ಲಿ ದೊಡ್ಡದಾಗಿ ತೋರಿಸ್ತಾರೆ. ಅವಳ ಮಗಳೂ ಅಲ್ಲಿ ಕೂತಿರ್ತಾಳೆ. ಯೋಚನೆ ಮಾಡಿ ಮೇಡಂ. ಮೂರೂವರೆ ಆಯ್ತು.”

ಮೂವತ್ತನಾಲ್ಕು ವರ್ಷದಲ್ಲಿ ಕೊಲೆಗಾರರನ್ನು ಕಂಡಿದ್ದೇನೆ, ಅವರೊಂದಿಗೆ ಚಹಾ ಕುಡಿದಿದ್ದೇನೆ. ಒಬ್ಬ ಅಜ್ಜಿಯ ಪ್ರೀತಿಯನ್ನು ಗುರಾಣಿ ಮಾಡಿಕೊಂಡು ಅದರ ಹಿಂದೆ ಕೂತವನನ್ನು ಅವತ್ತೇ ಮೊದಲು ಕಂಡದ್ದು. ಆ ಮೇಜನ್ನು ಎತ್ತಿ ಅವನ ಮೇಲೆ ಕವುಚಬೇಕೆನಿಸಿತು. ಬೋರಮ್ಮನಿಗೆ ಲಸಿಕೆಯನ್ನು ಎಲ್ಲಿಡಬೇಕು, ಎಲ್ಲಿಡಬಾರದು ಎಂದು ಹೇಳಿಕೊಡಲು ಈ ಮನುಷ್ಯನಿಗೆ ಹದಿನೆಂಟು ವರ್ಷ ಸಮಯವಿತ್ತು. ಹೇಳಿಕೊಟ್ಟದ್ದು ನೆಲ ಒರೆಸುವುದನ್ನು ಮಾತ್ರ.

ಮೇಡಂ ಮೊಬೈಲನ್ನು ಕೈಗೆ ತೆಗೆದುಕೊಂಡಿದ್ದರು. ಚಿತ್ರದಿಂದ ಕಣ್ಣು ತೆಗೆಯಲಿಲ್ಲ.

ಬಾಗಿಲು ತಟ್ಟಿದ ಸದ್ದಾಯಿತು. ಯಾರೂ ಬಾ ಎನ್ನುವ ಮುಂಚೆಯೇ ಬೋರಮ್ಮ ಒಳಗೆ ಬಂದಳು. ಎರಡೂ ಕೈಯಲ್ಲಿ ಸ್ಟೀಲ್ ಟ್ರೇ, ಅದರ ಮೇಲೆ ನಾಲ್ಕು ಲೋಟ ಕಾಫಿ. ಚೆಲ್ಲದ ಹಾಗೆ ಜೋಪಾನವಾಗಿ ಮೇಡಂ ಪಕ್ಕಕ್ಕೆ ಬಂದು ನಿಂತಳು.

“ಗೊತ್ತಾಯ್ತಾ ಅಮ್ಮಾವ್ರೇ? ಮೊದ್ಲು ನನಗೇ ಹೇಳ್ತೀನಿ ಅಂದಿದ್ರಿ.”

ಮೇಡಂ ಮೊಬೈಲನ್ನು ಮಗುಚಿಡಲು ಹೋದ ಕೈಯನ್ನು ಅರ್ಧದಲ್ಲಿ ತಡೆದರು. ಬೋರಮ್ಮನಿಗೆ ಓದು ಬರುವುದಿಲ್ಲ. ಫೋಟೋ ನೋಡಲು ಓದು ಬೇಕಾಗಿಲ್ಲ.

ಅವಳು ಬಗ್ಗಿ ನೋಡಿದಳು. ಹದಿನೈದು ದಿನದಲ್ಲಿ ಮೊದಲ ಸಲ ಅವಳ ಮುಖದಲ್ಲಿ ಒಂದು ಸಣ್ಣ ನಗು ಮೂಡಿತು.

“ಅಯ್ಯ, ಇದು ನಾನಲ್ವಾ? ಹಬ್ಬದ ದಿವ್ಸದ್ದು.” ಆಮೇಲೆ ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿದಳು. ಟ್ರೇಯ ಮೇಲೆ ಲೋಟಗಳು ಕಟಕಟ ಸದ್ದು ಮಾಡಿದವು. “ನನ್ ಫೋಟೋ ಯಾಕ್ ನೋಡ್ತಾ ಇದೀರಾ ಅಮ್ಮಾವ್ರೇ?”